ಶರಣಮ್ಮತ್ತಿಯ ಲೈನು

ಅಗಸೆ ಬೀಜವನ್ನು ಹಂಚಿನ ಮೇಲೆ ಹಾಕಿ ಹುರಿಯಲು ಕೂತರೆ ಮೊದಲ ನಾಲ್ಕು ನಿಮಿಷ ಏನೂ ಆಗುವುದಿಲ್ಲ. ಮನುಷ್ಯ ಬೇಸತ್ತು ಬೇರೆ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಒಂದು ಕಾಳು ಸಿಡಿಯುತ್ತದೆ. ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಹಂಚಿನ ತುಂಬ ತಗಡಿನ ಮೇಲೆ ತುಂತುರು ಬಿದ್ದಂಥ ಸದ್ದು. ವಾಸನೆ ಏಳುವುದು ಆಗ. ಎಣ್ಣೆಯ ಜಿಡ್ಡು, ಒಣಹುಲ್ಲು, ಬಿಸಿಲಿಗೆ ಕಾದ ಗೋಣಿಚೀಲ ಈ ಮೂರನ್ನೂ ಒಟ್ಟಿಗೆ ಮೂಸಿದ ಹಾಗಿರುತ್ತದೆ ಅದು. ಕಲಬುರಗಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹೋದ ತಿಂಗಳು ಆ ವಾಸನೆ ಎದ್ದಾಗ ನಾನು ಒಲೆ ಆರಿಸುವುದನ್ನು ಮರೆತು ನಿಂತೆ. ಅರ್ಧ ಪಾವು ಅಗಸಿ ಕರಿಯಾಯಿತು. ಅರವತ್ತೆಂಟು ವರ್ಷದ ಹೆಂಗಸೊಬ್ಬಳ ಬದುಕಿನಲ್ಲಿ ಇದೇನು ಹೇಳಿಕೊಳ್ಳುವಂಥ ಘಟನೆಯಲ್ಲ. ಆದರೂ ಹೇಳಿಕೊಳ್ಳುತ್ತಿದ್ದೇನೆ.

ಅಗಸಿ ನನ್ನ ಅಡುಗೆಮನೆಗೆ ಮರಳಿ ಬಂದದ್ದು ವೈದ್ಯಶಾಸ್ತ್ರದ ಮೂಲಕ. ಎದೆ ಪರೀಕ್ಷೆ ಮಾಡಿದ ಹುಡುಗ ಡಾಕ್ಟರು ಬಹಳ ಗಂಭೀರವಾಗಿ ಚೀಟಿಯಲ್ಲಿ ‘ಫ್ಲ್ಯಾಕ್ಸ್ ಸೀಡ್ಸ್’ ಎಂದು ಬರೆದುಕೊಟ್ಟರು. ನಾನೂ ಅಷ್ಟೇ ಗಂಭೀರವಾಗಿ ಆಟೋ ಹತ್ತಿ ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಗೆ ಹೋಗಿ ಆ ಚೀಟಿಯನ್ನು ಕಿರಾಣಿ ಅಂಗಡಿಯವನ ಮುಂದೆ ಹಿಡಿದೆ. ಅವನು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಳಿಸಿ ಕೊಡುತ್ತ, “ಮೇಡಮ್ಮೋರ, ಇದು ನಮ್ಮ ಅಗಸೀನ ಅದರಿ. ಡಬ್ಬಿ ಬ್ಯಾಡಂದ್ರ ಚೀಲದಾಗಿಂದು ಕೊಡ್ತೀನಿ, ತುಸು ಕಸ ಅದ ಅಷ್ಟ,” ಎಂದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳಿಗೆ ಇಂಗ್ಲಿಷ್ ಪದದ ಅರ್ಥವನ್ನು ಕಿರಾಣಿ ಅಂಗಡಿಯಲ್ಲಿ ಕೇಳಿ ತಿಳಿಯುವ ಯೋಗ ಬಂದದ್ದಕ್ಕೆ ಸಣ್ಣದಾಗಿ ಅವಮಾನವಾಯಿತು. ಮನೆಗೆ ಬಂದು ಹಳೆಯ ದೊಡ್ಡ ನಿಘಂಟನ್ನು ಎರಡೂ ಕೈಯಿಂದ ಇಳಿಸಿ, ಅಗಸಿಯ ಬೆನ್ನು ಹತ್ತಿ ಹೋದೆ. ಹೋಗಿ ಮುಟ್ಟಿದ್ದು ಮಾತ್ರ ನಾನು ಕನಸಿನಲ್ಲೂ ಎಣಿಸದ ಜಾಗಕ್ಕೆ. ಲೈನ್ ಎಂಬ ಪದಕ್ಕೆ.

ಲ್ಯಾಟಿನ್ ಭಾಷೆಯಲ್ಲಿ ಅಗಸೆ ಗಿಡಕ್ಕೆ ಲಿನಮ್ ಎನ್ನುತ್ತಿದ್ದರಂತೆ. ಅದರ ನಾರಿನಿಂದ ಹೊಸೆದ ದಾರ ಲಿನಿಯ. ಬಡಗಿಗಳು, ಗೌಂಡಿಗಳು ಆ ದಾರವನ್ನು ಎರಡು ಗೂಟಕ್ಕೆ ಬಿಗಿದು ಅದರ ಗುಂಟ ಗೆರೆ ಎಳೆದರು. ಕ್ರಮೇಣ ದಾರದ ಹೆಸರು ಗೆರೆಗೆ ಬಂತು. ಗೆರೆಯಿಂದ ಸಾಲಿಗೆ, ಸಾಲಿನಿಂದ ವಂಶಕ್ಕೆ, ಪುಸ್ತಕದ ಪಂಕ್ತಿಗೆ, ಸೈನ್ಯದ ಪಂಕ್ತಿಗೆ, ರೈಲಿನ ಹಳಿಗೆ, ತಾರಿನ ತಂತಿಗೆ, ಮನುಷ್ಯ ಹಿಡಿದ ಉದ್ಯೋಗಕ್ಕೆ, ಕೊನೆಗೆ ಆಕಾಶದಲ್ಲಿ ಯಾವ ಗೆರೆಯೂ ಇಲ್ಲದೆ ಹಾರುವ ವಿಮಾನದ ಕಂಪನಿಗೂ ಅದೇ ಹೆಸರು. ಕೋಟಿನ ಒಳಗೆ ದರ್ಜಿ ಹಚ್ಚುವ ಲೈನಿಂಗೂ ಇದೇ ಕುಲ, ಏಕೆಂದರೆ ಹಿಂದೆ ಒಳಗೆ ಹಚ್ಚುತ್ತಿದ್ದುದು ಅಗಸೆ ನಾರಿನ ಬಟ್ಟೆಯನ್ನು. ಹೆಂಗಸರ ಒಳಉಡುಪಿಗೆ ಫ್ರೆಂಚರು ಕೊಟ್ಟ ನಾಜೂಕಿನ ಹೆಸರೂ ಇದೇ ಗಿಡದಿಂದ ಹುಟ್ಟಿದ್ದು; ಅದನ್ನು ಕ್ಲಾಸಿನಲ್ಲಿ ಹೇಳಬೇಕಾದ ಪ್ರಸಂಗ ಬಾರದೆ ನಾನು ನಿವೃತ್ತಳಾದೆ ಎಂಬುದಕ್ಕೆ ದೇವರಿಗೆ ಕೃತಜ್ಞಳಾಗಿದ್ದೇನೆ. ನಿಘಂಟು ಎರಡು ಪುಟ ತುಂಬ ಲೈನ್‌ನ ಅರ್ಥಗಳನ್ನು ಕೊಟ್ಟಿತ್ತು. ನಮ್ಮ ಬಸಣ್ಣ ಕಾಕಾನಿಗೆ ಗೊತ್ತಿದ್ದಷ್ಟು ಅದಕ್ಕೂ ಗೊತ್ತಿರಲಿಲ್ಲ.

ಬಸಣ್ಣ ಕಾಕಾ ನಮ್ಮಪ್ಪನ ತಮ್ಮ. ಕಮಲಾಪುರದಲ್ಲಿ ವಿದ್ಯುತ್ ಖಾತೆಯ ಲೈನ್‌ಮನ್ ಆಗಿದ್ದ. ಖಾಕಿ ಅಂಗಿ, ಹೆಗಲಿಗೆ ಹಗ್ಗದ ಸುರುಳಿ, ಸೈಕಲ್ಲಿನ ಹಿಂದೆ ಏಣಿ. ಅವನ ಪಾಲಿಗೆ ಇಡೀ ಜಗತ್ತು ಒಂದು ಲೈನಿನ ಮೇಲೆ ನಿಂತಿತ್ತು. ಕಂಬ ಹತ್ತುವ ಮೊದಲು ತಂತಿಯಲ್ಲಿ ಕರೆಂಟು ನಿಲ್ಲಿಸಿದ್ದೇವೆ ಎಂದು ಆಫೀಸಿನಿಂದ ಬರುವ ಅಪ್ಪಣೆಗೆ ‘ಲೈನ್ ಕ್ಲಿಯರ್’ ಎನ್ನುತ್ತಾರೆ. ಕಾಕಾ ಅದನ್ನು ಬಚ್ಚಲುಮನೆಯ ಬಾಗಿಲ ಮುಂದೆ ಟವೆಲ್ ಹಿಡಿದು ನಿಂತು ಕೇಳುತ್ತಿದ್ದ. ಊಟಕ್ಕೆ ಮಕ್ಕಳು ಲೈನ್ ಹಚ್ಚಿ ಕೂಡಬೇಕು. ಇಸ್ಪೀಟಿಗೆ ಬಿದ್ದವನು ಲೈನ್ ಬಿಟ್ಟವನು. ಮದುವೆಯಾದ ಮೇಲೆ ಅವನೇ ಲೈನಿಗೆ ಬಂದವನು. ಕಲಬುರಗಿಯ ರೋಜಾ ದರ್ಗಾದ ಉರುಸಿಗೆ ಕರೆದುಕೊಂಡು ಹೋದಾಗ ಜನರ ಸರತಿಯನ್ನು ನೋಡಿ, “ಲೈನ್ ಅಂದ್ರ ಇದು. ಎಲ್ಲೂ ಜಾಯಿಂಟ್ ಇಲ್ಲ ನೋಡ್ರಿ,” ಎಂದು ವೃತ್ತಿಯವನ ಮೆಚ್ಚುಗೆ ಸೂಸಿದ್ದ. ನಾನು ಜೀವನದಲ್ಲಿ ಕಲಿತ ಮೊದಲ ಇಂಗ್ಲಿಷ್ ಪದ ಬಹುಶಃ ಅದೇ. ಆಮೇಲೆ ವರ್ಷಕ್ಕೆ ನಲವತ್ತು ಮಕ್ಕಳಿಗೆ ಅದರ ಸ್ಪೆಲಿಂಗ್ ಬರೆಸಿ ಹೊಟ್ಟೆ ಹೊರೆದೆ. ಆದರೆ ಆ ಪದದ ಬುಡದಲ್ಲಿ ಒಂದು ಅಗಸೆ ಗಿಡ ಇದೆಯೆಂದು ಕಾಕಾನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಗಸಿ ನಮ್ಮ ಮನೆಯಲ್ಲಿ ಸಂಪೂರ್ಣವಾಗಿ ಇನ್ನೊಬ್ಬರ ಖಾತೆಗೆ ಸೇರಿದ ವಿಷಯವಾಗಿತ್ತು. ಅದು ಶರಣಮ್ಮತ್ತಿಯದು.

ಅತ್ತಿ ನಮ್ಮಪ್ಪನ ಅಕ್ಕ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಗಂಡನ ಮನೆಯಿಂದ ಒಂದು ಗಂಟು ಬಟ್ಟೆ ಹಿಡಿದು ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ಯಾಕೆ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ನಾವು ಮಕ್ಕಳು, ಆಕಾಶ ಯಾಕೆ ಮೇಲಿದೆ ಎಂದು ಕೇಳದ ಹಾಗೆ, ಅದನ್ನೂ ಕೇಳಲಿಲ್ಲ. ನಾನು ನೋಡುವ ಹೊತ್ತಿಗೆ ಅವಳಿಗೆ ಐವತ್ತರ ಹತ್ತಿರ. ಎತ್ತರದ ಹೆಂಗಸು, ಬಲ ಮೊಣಕಾಲು ಸ್ವಲ್ಪ ಎಳೆಯುತ್ತಿತ್ತು, ಮಾತು ಕಡಿಮೆ. ಕಮಲಾಪುರದ ನಮ್ಮ ಮನೆ ಕಲ್ಲಿನದು, ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿಯ ಪಡಸಾಲೆ. ಅಡುಗೆಮನೆಗೂ ದನದ ಕೊಟ್ಟಿಗೆಗೂ ನಡುವಿನ ಸಣ್ಣ ಕೋಣೆ ಅವಳದು ಎಂದು ನಾವು ಹೇಳುತ್ತಿದ್ದೆವು, ಆದರೆ ಅದರಲ್ಲಿ ಕಾಳು ತುಂಬುವ ಹಗೇವಿನ ಹಲಗೆ, ಮುರಿದ ತೊಟ್ಟಿಲು, ಕಾಕಾನ ಪಿಂಗಾಣಿ ಇನ್ಸುಲೇಟರುಗಳು ಎಲ್ಲವೂ ಇದ್ದವು. ಖಾತ್ರಿಯಾಗಿ ಅವಳದು ಎನ್ನುವಂಥದ್ದು ಒಂದೇ. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಸಾಯುವ ಮೊದಲು ಊರಿನ ಐದು ಮಂದಿ ಹಿರಿಯರನ್ನು ಕೂಡಿಸಿಕೊಂಡು ಹೇಳಿದ ಒಂದು ಮಾತು. “ಜೋಳದ ಹೊಲದಾಗ ಹನ್ನೆರಡು ಸಾಲಿಗಿ ಒಂದು ಸಾಲು ಶರಣಮ್ಮಂದು. ಬೀಜ ಅಕಿ ಕೈಲೇ ಬೀಳಬೇಕು. ಯಾರ ಕೈಲೇ ಬೀಳ್ತದ, ಬೆಳಿ ಅವರದು.”

ನಮ್ಮ ಕಡೆ ಹಿಂಗಾರಿ ಬಿಳಿಜೋಳದ ನಡುನಡುವೆ ಒಂದೊಂದು ಸಾಲು ಅಗಸಿಯನ್ನೋ ಕುಸುಬಿಯನ್ನೋ ಬಿತ್ತುತ್ತಿದ್ದರು. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಎತ್ತು ಎಳೆಯುವ ಕೂರಿಗೆಯ ಹಿಂದೆ ಹಗ್ಗದಿಂದ ಒಂದು ಬಿದಿರಿನ ಕೊಳವೆ ಕಟ್ಟಿರುತ್ತಾರೆ. ಅದರ ಬಾಯಿಗೆ ಮುಷ್ಟಿ ಹಿಡಿದು ಹೆಬ್ಬೆರಳಿನಿಂದ ಬೀಜ ಜಾರಿಸುತ್ತ ಹೆಂಗಸೊಬ್ಬಳು ಹಿಂದೆ ನಡೆಯುತ್ತಾಳೆ. ಹೆಬ್ಬೆರಳು ಅವಸರ ಮಾಡಿದರೆ ಗಿಡ ಗುಂಪು ಕಟ್ಟುತ್ತವೆ, ಮೈಮರೆತರೆ ನಡುವೆ ಬಯಲಾಗುತ್ತದೆ. ಮುತ್ಯಾನ ಕಾನೂನಿನ ಪ್ರಕಾರ ಬಿತ್ತನೆಯ ನಾಲ್ಕೂ ದಿನ ಅತ್ತಿ ಎಳೆಯುವ ಕಾಲಿನಲ್ಲೇ ನಡೆಯುತ್ತಿದ್ದಳು. ಸುಗ್ಗಿಯಾದ ಮೇಲೆ ಅಗಸಿ ಅವಳ ಕೋಣೆಯ ದೊಡ್ಡ ಗಡಿಗೆ ಸೇರುತ್ತಿತ್ತು. ಮನೆಗೆ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಬೇಕಾದರೆ, ನೆಗಡಿಗೆ ಶಾಖ ಕೊಡಬೇಕಾದರೆ, ಎಮ್ಮೆ ಈದಾಗ ಅದಕ್ಕೆ ತಿನಿಸಬೇಕಾದರೆ ಆ ಗಡಿಗೆಯೇ ಗತಿ. ಅವ್ವ ಆ ಕೋಣೆಯ ಹೊಸ್ತಿಲ ಹೊರಗೆ ನಿಂತು, “ಅಕ್ಕಾರ, ಒಂದು ಬೊಗಸಿ ಅಗಸಿ ಕೊಡ್ತೀರೇನ್ರಿ?” ಎಂದು ಕೇಳುವಳು. ಅಪ್ಪನೂ ಕೇಳಬೇಕು, ಕಾಕಾನೂ ಕೇಳಬೇಕು. ಅತ್ತಿ ತಟ್ಟನೆ ಕೊಡುತ್ತಿರಲಿಲ್ಲ. ಕೇಳಿದ ಮಾತನ್ನು ಎರಡು ಗಳಿಗೆ ತನ್ನ ಬಳಿ ಇಟ್ಟುಕೊಂಡು, ಆಮೇಲೆ “ತಗೋರಿ” ಎನ್ನುತ್ತಿದ್ದಳು. ಇಲ್ಲ ಎಂದದ್ದನ್ನು ನಾನು ಕಾಣೆ. ಆದರೆ ಆ ಎರಡು ಗಳಿಗೆಯಲ್ಲಿ ಇಲ್ಲ ಎನ್ನಲೂಬಹುದಿತ್ತು. ಇಡೀ ದಿನದಲ್ಲಿ ಅವಳು ನೆಟ್ಟಗೆ ನಿಂತಂತೆ ಕಾಣುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಎತ್ತಿನ ಜೋಡಿಯಲ್ಲಿ ಒಂದು ಸತ್ತಿತು. ಆ ವರ್ಷ ಟ್ರ್ಯಾಕ್ಟರಿನಿಂದ ಬಿತ್ತೋಣ ಎಂದು ಕಾಕಾ ಹಟ ಹಿಡಿದ. ಮಹಾಗಾಂವದ ರಸೂಲ್ ಎಂಬವನ ಬಳಿ ಹೊಸ ಕೆಂಪು ಟ್ರ್ಯಾಕ್ಟರು ಬಂದಿತ್ತು, ಹಿಂದೆ ಆರು ಪೈಪಿನ ಬಿತ್ತುವ ಯಂತ್ರ. ನಾಲ್ಕು ದಿನದ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ ಎಂದು ಕಾಕಾ ರಾತ್ರಿಯೂಟದಲ್ಲಿ ಕೈಬೆರಳಿನಿಂದ ತಟ್ಟೆಯ ಮೇಲೆ ಗೆರೆ ಎಳೆದು ತೋರಿಸಿದ. “ಲೈನ್ ನೋಡ್ಬೇಕು ಅಣ್ಣಾ ಅದರದು. ಕಂಬ ನಟ್ಟಂಗ ಬರ್ತದ.” ಅಪ್ಪ ರೊಟ್ಟಿ ಮುರಿಯುತ್ತ ಹೂಂಗುಟ್ಟಿದ. ಆಗ ರೊಟ್ಟಿ ಬಡಿಯುತ್ತಿದ್ದ ಅತ್ತಿ ಕೈ ನಿಲ್ಲಿಸದೆ ಕೇಳಿದಳು.

“ಹನ್ನೆರಡಕ್ಕ ಒಂದು ಹ್ಯಾಂಗ ಮಾಡ್ತೀರಿ?”

“ಅಕ್ಕಾ, ಅದು ಮಿಷನ್ನು. ಎತ್ತಿನಂಗ ಹೋ ಅಂದ್ರ ನಿಲ್ಲಂಗಿಲ್ಲ.”

“ನಿಲ್ಲು ಅಂತ ಯಾರಂದ್ರು ಬಸಣ್ಣ? ಅದು ಅದರ ಪಾಡಿಗಿ ಹೋಗ್ಲಿ. ನಾ ನನ್ನ ಪಾಡಿಗಿ ಬರ್ತೀನಿ.”

ಬಿತ್ತುವ ದಿನ ಹೊತ್ತು ಮೂಡುವ ಮೊದಲೇ ಅತ್ತಿ ಉಡಿಯಲ್ಲಿ ಅಗಸಿ ಕಟ್ಟಿಕೊಂಡು, ಕೂರಿಗೆಯಿಂದ ಬಿಚ್ಚಿದ ಬಿದಿರಿನ ಕೊಳವೆ ಹಿಡಿದು ಹೊಲದ ಬದುವಿನ ಮೇಲೆ ಕೂತಿದ್ದಳು. ಅವಳ ಜೊತೆ ನಾನು. ಶಾಲೆ ತಪ್ಪಿಸಲು ನನಗೆ ಅದಕ್ಕಿಂತ ಘನವಾದ ಕಾರಣ ಸಿಕ್ಕಿರಲಿಲ್ಲ. ಟ್ರ್ಯಾಕ್ಟರು ಬಂತು. ರಸೂಲ್ ಇಪ್ಪತ್ತೈದರ ಹುಡುಗ, ತಲೆಗೆ ಹೂವಿನ ರುಮಾಲು. ಅತ್ತಿ ಎದ್ದು ಹೋಗಿ ಅವನಿಗೆ ಏನೋ ಹೇಳಿದಳು. ಅವನು ಇಳಿದು ಯಂತ್ರದ ಸುತ್ತ ಒಂದು ಸುತ್ತು ಬಂದು, ಕಾಕಾನ ಕಡೆ ತಿರುಗಿದ. “ಲೈನ್‌ಮನ್ ಸಾಬ್, ಎರಡ್ ರೌಂಡಿಗಿ ಒಮ್ಮಿ ಒಂದು ಪೈಪಿಗಿ ಬಟ್ಟಿ ತುರಕಿದ್ರ ಆತಲ್ರಿ. ಸಾಲು ಖಾಲಿ ಬೀಳ್ತದ, ಆಪಾ ಹಿಂದಿಂದ ಬೀಜ ಹಾಕ್ಕೋತ ಬರ್ತಾರ. ಏನ್ ಮುಶ್ಕಿಲ್ ಅದ?” ಮುಶ್ಕಿಲ್ ಏನು ಎಂದು ಕಾಕಾನಿಗೆ ತಕ್ಷಣ ಹೊಳೆಯಲಿಲ್ಲ. ರಸೂಲ್ ತನ್ನ ರುಮಾಲಿನ ಚುಂಗನ್ನೇ ಹರಿದು ಪೈಪಿಗೆ ತುರುಕಿದ.

ಮುಶ್ಕಿಲ್ ಎಲ್ಲಿದೆಯೆಂದು ಗೊತ್ತಾದದ್ದು ಬಿಸಿಲು ಏರಿದ ಮೇಲೆ. ಎತ್ತುಗಳು ನಾಲ್ಕು ದಿನಕ್ಕೆ ಹಂಚಿಕೊಂಡು ನಡೆಸುತ್ತಿದ್ದ ದಾರಿಯನ್ನು ಟ್ರ್ಯಾಕ್ಟರು ಅರ್ಧ ದಿನಕ್ಕೆ ಹಾಸಹೊರಟಿತ್ತು. ಒಟ್ಟು ಇಪ್ಪತ್ತೆರಡು ಖಾಲಿ ಸಾಲು. ಎರಿಯ ಕಪ್ಪು ಮಣ್ಣಿನ ತೆರೆದ ಬಾಯಿ ಬೇಗ ಒಣಗುತ್ತದೆ. ಹಸಿ ಆರುವ ಮೊದಲು ಬೀಜ ಬಿದ್ದು ಮೇಲೆ ಮಣ್ಣು ಮುಚ್ಚಬೇಕು. ಅತ್ತಿ ಕೊಳವೆಯಿಂದ ಬೀಜ ಜಾರಿಸುತ್ತ, ಎಡಗಾಲಿನಿಂದ ಮಣ್ಣು ಎಳೆಯುತ್ತ, ಬಲಗಾಲನ್ನು ತಾನೇ ಎಳೆದುಕೊಳ್ಳುತ್ತ ನಡೆದಳು. ಅವಳು ಒಂದು ಸಾಲು ಮುಗಿಸುವಷ್ಟರಲ್ಲಿ ಟ್ರ್ಯಾಕ್ಟರು ಎರಡು ಖಾಲಿ ಸಾಲು ಬಿಟ್ಟು ಮುಂದೆ ಹೋಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ರಸೂಲ್ ಗಾಡಿ ನಿಲ್ಲಿಸಿ ಇಳಿದು ಬೀಡಿ ಹಚ್ಚಿದ. ಇಂಜಿನ್ ಬಿಸಿಯಾಗಿದೆಯೆಂದ. ಮತ್ತೆ ಎರಡು ಸುತ್ತು, ಮತ್ತೆ ಇಂಜಿನ್ ಬಿಸಿ. ಮೂರನೇ ಸಲ ಕಾಕಾ ಬದುವಿನಿಂದ ಇಳಿದು ಬಂದ.

“ಹೊಸಾ ಇಂಜಿನ್ ಎಷ್ಟ್ ಸಲ ಬಿಸಿ ಆಗ್ತದೋ ರಸೂಲಾ?”

“ಹೊಸಾದಕ್ಕ ಗರ್ಮಿ ಜಾಸ್ತಿ ಇರ್ತದರಿ ಸಾಬ್. ಹಳೇದಾದ್ರ ತಾನೇ ಠಂಡಾ ಆಗ್ತದ.” ಹೀಗೆಂದು ಅವನು ಅತ್ತಿ ಎಷ್ಟನೇ ಸಾಲಿನಲ್ಲಿದ್ದಾಳೆ ಎಂದು ಓರೆಗಣ್ಣಿನಲ್ಲಿ ನೋಡಿದ. ಕಾಕಾನೂ ನೋಡಿದ. ಮತ್ತೆ ಕಾಕಾ ಇಂಜಿನ್ನಿನ ಸುದ್ದಿ ತೆಗೆಯಲಿಲ್ಲ.

ಹೊತ್ತು ಇಳಿಯುವಾಗ ಟ್ರ್ಯಾಕ್ಟರು ಕೆಲಸ ಮುಗಿಸಿ ಬದುವಿನ ಬಳಿ ನಿಂತಿತ್ತು. ಇಪ್ಪತ್ತು ಸಾಲಾಗಿದ್ದವು. ಅತ್ತಿ ಜಾಲಿಗಿಡದ ಕೆಳಗೆ ನೀರು ಕುಡಿಯಲು ಕೂತವಳು ಹಾಗೆಯೇ ಕಾಂಡಕ್ಕೆ ತಲೆ ಆನಿಸಿದಳು. ಕಣ್ಣು ಮುಚ್ಚಿದ್ದವು, ಬಲಗಾಲು ಮಾತ್ರ ಇನ್ನೂ ನಡೆಯುತ್ತಿರುವಂತೆ ಅದುರುತ್ತಿತ್ತು. ಕೊಳವೆ ಪಕ್ಕದಲ್ಲಿ ಬಿದ್ದಿತ್ತು, ಉಡಿಯಿಂದ ಬಿಚ್ಚಿದ ಬೀಜದ ಗಂಟೂ ಅಲ್ಲೇ. ಇನ್ನೆರಡು ಸಾಲು ಒಣಗುತ್ತಿದ್ದವು. ನನಗೆ ಹನ್ನೊಂದು ವರ್ಷ. ನನ್ನಲ್ಲಿ ದಯೆ ತುಂಬಿ ತುಳುಕುತ್ತಿತ್ತು. ಸದ್ದಾಗದಂತೆ ಕೊಳವೆ ಎತ್ತಿಕೊಂಡು ಹೋಗಿ ಎರಡೂ ಸಾಲನ್ನು ನಾನೇ ಬಿತ್ತಿದೆ. ನನ್ನ ಹೆಬ್ಬೆರಳು ಒಮ್ಮೆ ಅವಸರ ಮಾಡಿತು, ಒಮ್ಮೆ ಕಾಗೆಯನ್ನು ನೋಡುತ್ತ ಮೈಮರೆಯಿತು. ಆದರೂ ಮುಗಿಸಿದೆ. ಕುಣಿಯುತ್ತ ಬಂದು ಅವಳನ್ನು ಎಬ್ಬಿಸಿ, “ಅತ್ತಿ, ಎಲ್ಲಾ ಮುಗೀತು. ನಾನ ಬಿತ್ತಿದೆ,” ಎಂದೆ.

ಅವಳು ನಗಲಿಲ್ಲ. ಎದ್ದು ಗಿಡ ಹಿಡಿದು ನಿಂತು ಹೊಲದ ಕಡೆ ನೋಡಿದಳು. ಆ ಮುಖ ನನಗೆ ಇವತ್ತಿಗೂ ಅರ್ಥವಾಗಿದೆ ಎಂದು ಹೇಳಲಾರೆ. ಯಾರೋ ಬಹಳ ಪ್ರೀತಿಯಿಂದ ಅವಳ ಕೈಯೊಳಗಿನದನ್ನು ಕಸಿದುಕೊಂಡ ಹಾಗಿತ್ತು. “ಎರಡು ಸಾಲು ನಿನ್ನವಾದವು ಮಾದೇವಿ,” ಎಂದಳು. ಬೈಗುಳದ ದನಿಯಲ್ಲ, ತೀರ್ಪಿನ ದನಿ. ಕಾಕಾ ನಕ್ಕುಬಿಟ್ಟ. “ಅಕ್ಕಾ, ಕೂಸು ಅದು. ಅವೂ ನಿನ್ನವ ಅನ್ಕೋ, ಆತು.”

“ಅನ್ಕೊಂಡ್ರ ಆಗಂಗಿಲ್ಲ ಬಸಣ್ಣ. ಇವತ್ತ ಇಕಿದು ನಂದು ಅನ್ಕೊಂಡ್ರ, ನಾಳಿ ನಂದು ನಿಮ್ಮದು ಅನ್ಕೊಳ್ಳಾಕ ನಿಮಗ ಎಷ್ಟೊತ್ತು ಬೇಕು?”

ಬದುವಿನ ಮೇಲೆ ನಿಂತಿದ್ದ ಅಪ್ಪ, ಈ ಸಲ ನೊಗ ಹೊತ್ತು ತರದ ಹೆಗಲನ್ನು ಸುಮ್ಮನೆ ಉಜ್ಜಿಕೊಂಡ. ರಸೂಲ್ ಹೋಗಿ ಟ್ರ್ಯಾಕ್ಟರು ಚಾಲೂ ಮಾಡಿ, ಅತ್ತಿಯನ್ನು ಪಕ್ಕದ ಮಡ್‌ಗಾರ್ಡಿನ ಮೇಲೆ ಕೂಡಿಸಿಕೊಂಡು ಊರ ತನಕ ತಂದ. ಕಮಲಾಪುರದಲ್ಲಿ ಟ್ರ್ಯಾಕ್ಟರು ಹತ್ತಿ ಬಂದ ಮೊದಲ ಹೆಂಗಸು ಅವಳೇ ಎಂದು ಓಣಿಯವರು ಬಹಳ ದಿನ ಹೇಳಿಕೊಂಡರು. ಅವಳು ಮಾತ್ರ ಎರಡು ಕೈಯಲ್ಲೂ ಖಾಲಿ ಗಂಟು ಹಿಡಿದು, ಬಸ್ಸಿನಲ್ಲಿ ಟಿಕೆಟು ಕಳೆದುಕೊಂಡವಳ ಹಾಗೆ ಕೂತಿದ್ದಳು.

ಬಿತ್ತಿದವರ ಗುಣವನ್ನು ಅಗಸಿ ಎರಡು ತಿಂಗಳ ಮೇಲೆ ಊರಿಗೆಲ್ಲ ತಿಳಿಸುತ್ತದೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಾವು ಪಕ್ಕದ ಮನೆಯವರ ಬಂಡಿಯಲ್ಲಿ ಭಜ್ಜಿ, ಕಡಬು, ಸಜ್ಜಿರೊಟ್ಟಿ ಹೇರಿಕೊಂಡು ಹೊಲಕ್ಕೆ ಹೋದಾಗ ಬೆಳಗಿನ ಬಿಸಿಲು ಆಗಷ್ಟೇ ಜೋಳದ ಮೇಲೆ ಬಿದ್ದಿತ್ತು. ಹಸಿರಿನ ನಡುವೆ ಇಪ್ಪತ್ತು ನೀಲಿ ಗೆರೆ, ದಾರ ಹಿಡಿದು ಎಳೆದ ಹಾಗೆ. ಎಳೆಯುವ ಕಾಲಿನ ಹೆಂಗಸು ಅಷ್ಟು ನೆಟ್ಟಗೆ ಹೇಗೆ ನಡೆದಳೋ ನನಗೆ ಗೊತ್ತಿಲ್ಲ. ಆ ಕಡೆ ಬದುವಿನ ಪಕ್ಕದಲ್ಲಿ ಇನ್ನೆರಡು ಗೆರೆ: ಒಂದು ಕಡೆ ಪೊದೆ, ಒಂದು ಕಡೆ ಬೋಳು, ನಡುವೆ ಕಾಗೆ ನೋಡಿದ ಜಾಗದಲ್ಲಿ ಎಂಟು ಹೆಜ್ಜೆ ಏನೂ ಇಲ್ಲ. ಕಾಕಾ ಸೊಂಟದ ಮೇಲೆ ಕೈಯಿಟ್ಟು ನಿಂತು, “ಯಾರವ್ವ ಈ ಲೈನ್ ಎಳದಾಕಿ? ಮ್ಯಾಲಿನ ಆಫೀಸಿಗಿ ರಿಪೋರ್ಟ್ ಮಾಡ್ಬೇಕು,” ಎಂದ. ಎಲ್ಲರೂ ನಕ್ಕರು. ಅತ್ತಿ ನಗದೆ, “ಆಕಿ ಹೊಲ, ಆಕಿ ಹ್ಯಾಂಗಾರ ಬಿತ್ತಲಿ. ನಿನಗೇನ?” ಎಂದಳು. ಅಗಸೆಯ ಹೂವು ಬೆಳಿಗ್ಗೆ ಅರಳಿ ಬಿಸಿಲು ಏರಿದಂತೆ ಎಸಳು ಉದುರಿಸಿಬಿಡುತ್ತದೆ. ನಾವು ಉಂಡು ಕೈ ತೊಳೆಯುವ ಹೊತ್ತಿಗೆ ಹೊಲದಲ್ಲಿ ಯಾರ ಗೆರೆಯೂ ಇರಲಿಲ್ಲ, ಬರೀ ಜೋಳ.

ಸುಗ್ಗಿಯಲ್ಲಿ ಅವಳು ನನ್ನ ಎರಡು ಸಾಲನ್ನು ಬೇರೆಯಾಗಿ ಕೊಯ್ದು, ಬೇರೆ ಬಡಿದು, ಬೇರೆ ತೂರಿದಳು. ಒಂದು ಸಣ್ಣ ಮಣ್ಣಿನ ಕುಡಿಕೆಯಷ್ಟು ಬಂತು. ಅದನ್ನು ತನ್ನ ಗಡಿಗೆಯ ಪಕ್ಕದಲ್ಲಿ ಇಟ್ಟು, ಬಾಯಿಗೆ ನನ್ನ ಹಳೆಯ ಲಂಗದ ತುಂಡು ಕಟ್ಟಿದಳು. ಅವತ್ತಿನಿಂದ ಮನೆಯಲ್ಲಿ ಇಬ್ಬರು ಜಮೀನ್ದಾರರಾದೆವು. ಅವಳ ಗಡಿಗೆಯಲ್ಲಿ ಕೈ ಹಾಕಬೇಕಾದರೆ ಅವ್ವ ಅವಳನ್ನು ಕೇಳಬೇಕು. ನನ್ನ ಕುಡಿಕೆಯಲ್ಲಿ ಕೈ ಹಾಕಬೇಕಾದರೆ ಅತ್ತಿ ನನ್ನನ್ನು ಕೇಳುತ್ತಿದ್ದಳು. ಶಾಲೆಯಿಂದ ಬಂದು ಚೀಲ ಬಿಸಾಡುವಷ್ಟರಲ್ಲಿ ಎದುರಿಗೆ ಬಂದು ನಿಂತು, “ಮಾದೇವಿ, ನಿಂದು ಒಂದು ಮುಷ್ಟಿ ತಗೊಳ್ಳಲೇನ?” ಎನ್ನುವಳು. ಐವತ್ತು ವರ್ಷದ ಹೆಂಗಸು ಹನ್ನೊಂದರ ಹುಡುಗಿಯನ್ನು. ಅಂಥ ಮರ್ಯಾದೆ ನನಗೆ ಮುಂದೆ ಹೆಡ್‌ಮಿಸ್ಟ್ರೆಸ್ ಆದಾಗಲೂ ಸಿಗಲಿಲ್ಲ. ಒಂದು ದಿನ ಯಾವುದೋ ಸಿಟ್ಟಿನಲ್ಲಿ ನಾನು “ಇಲ್ಲ, ಕೊಡಂಗಿಲ್ಲ,” ಎಂದೆ. ಅವಳು ತಿರುಗಿ ಹೋದಳು. ಸಂಜೆ ಕಟ್ಟೆಯ ಮೇಲೆ ಪಕ್ಕದ ಮನೆಯವರ ಮುಂದೆ, “ನಮ್ಮ ಮಾದೇವಿ ಇವತ್ತ ಕೊಡಂಗಿಲ್ಲ ಅಂದ್ಳು,” ಎಂದು ಹೇಳುತ್ತಿದ್ದುದು ಕೇಳಿಸಿತು. ಆ ದನಿಯಲ್ಲಿದ್ದದ್ದು ದೂರಲ್ಲ. ಪರೀಕ್ಷೆಯಲ್ಲಿ ಪಾಸಾದ ಮಗಳ ಸುದ್ದಿ ಹೇಳುವ ದನಿ.

ಮರುವರ್ಷ ಹೊಲಕ್ಕೆಲ್ಲ ತೊಗರಿ ಹಾಕಿದರು. ಸುತ್ತಲಿನ ಹೊಲಗಳೆಲ್ಲ ಆಗ ತೊಗರಿಗೆ ತಿರುಗಿದ್ದವು. ಅದನ್ನು ಅತ್ತಿಗೆ ಹೇಳುವ ಕೆಲಸ ಕಾಕಾನ ಪಾಲಿಗೆ ಬಂತು. ಅವನು ಕೆಟ್ಟವನಲ್ಲ, ಆದರೆ ಸರಕಾರಿ ಖಾತೆಯಲ್ಲಿ ಇದ್ದವನು. “ಅಕ್ಕಾ, ಅಪ್ಪ ಹೇಳಿದ್ದು ಜೋಳದ ಹೊಲದಾಗ ಹನ್ನೆರಡಕ್ಕೊಂದು ಅಂತ. ತೊಗರಿ ಹೊಲಕ್ಕ ಅವ ಏನೂ ಹೇಳಿಲ್ಲ.” ನಾನು ಅತ್ತಿಯ ಮುಖವನ್ನೇ ನೋಡುತ್ತಿದ್ದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಮಾತನ್ನು, ಅಗಸಿ ಕೇಳಿದವರ ಮಾತಿನಂತೆ, ಎರಡು ಗಳಿಗೆ ತನ್ನ ಬಳಿ ಇಟ್ಟುಕೊಂಡಳು. “ಖರೆ ಅದ,” ಎಂದಳು. “ತೊಗರಿದು ಏನೂ ಹೇಳಿಲ್ಲ.” ನನ್ನ ಎರಡು ಸಾಲಿನ ಮೇಲೆ ಕೈ ಹಾಕದವಳು ತನಗಾಗಿ ಆ ಕಾನೂನನ್ನು ಹೇಗೆ ಬಗ್ಗಿಸಿಯಾಳು?

ಮಳೆಗಾಲದ ಹೊತ್ತಿಗೆ ಅವಳ ಗಡಿಗೆ ಖಾಲಿಯಾಯಿತು. ಅಪ್ಪ ಪೇಟೆಯಿಂದ ಒಂದು ಚೀಲ ಅಗಸಿ ತಂದು ಅಡುಗೆಮನೆಯ ತಗಡಿನ ಡಬ್ಬಿಗೆ ಸುರಿದ. ಡಬ್ಬಿ ಎಲ್ಲರದು, ಯಾರು ಬೇಕಾದರೂ ತೆಗೆಯಬಹುದು. ಅತ್ತಿಯೊಬ್ಬಳೇ ಅದಕ್ಕೆ ಕೈ ಹಾಕುವ ಮೊದಲು ಹೊಸ್ತಿಲಲ್ಲಿ ನಿಂತು, “ನೀಲಮ್ಮ, ಒಂದು ಬೊಗಸಿ ತಗೊಳ್ಳಲೇನ?” ಎಂದು ಅವ್ವನನ್ನು ಕೇಳುತ್ತಿದ್ದಳು. “ಕೇಳೋದೇನದ ಅಕ್ಕಾರ, ಇದು ನಿಮ್ಮ ಮನಿ ಅಲ್ಲೇನ್ರಿ?” ಎಂದು ಅವ್ವ ಪ್ರತಿ ಸಲವೂ ಹೇಳುವಳು, ಮನಸ್ಸಿನಿಂದಲೇ ಹೇಳುವಳು. ಸ್ವಂತ ಮನೆಯಲ್ಲಿ ಇರುವವರಿಗೆ ಆ ಮಾತನ್ನು ಯಾರೂ ಹೇಳುವುದಿಲ್ಲ ಎಂಬುದು ಅವ್ವನಿಗೆ ಹೊಳೆದಿರಲಿಕ್ಕಿಲ್ಲ. ನನಗೂ ಹೊಳೆದದ್ದು ಬಹಳ ತಡವಾಗಿ.

ಆ ಮನೆ ಈಗಿಲ್ಲ. ಹುಮನಾಬಾದ ಕಡೆಯ ರಸ್ತೆ ಅಗಲ ಮಾಡಿದಾಗ ಪಡಸಾಲೆಯ ನಡುವೆ ಕೆಂಪು ಬಣ್ಣದ ಗುರುತು ಬಿತ್ತು. ಉಳಿದ ಹಿಂಭಾಗದಲ್ಲಿ ಈಗ ಯಾರದೋ ಟೈರಿನ ಅಂಗಡಿ. ಅಷ್ಟರಲ್ಲಿ ಅಪ್ಪ, ಅವ್ವ ತೀರಿಕೊಂಡಿದ್ದರು. ಕಾಕಾ ನಿವೃತ್ತನಾದ ಮೇಲೂ ಕರೆಂಟು ಹೋದಾಗ ಅಂಗಳಕ್ಕೆ ಬಂದು ಕಂಬದ ಕಡೆ ನೋಡುತ್ತ ನಿಲ್ಲುತ್ತಿದ್ದ. ಅವನೂ ಒಂದು ಬೇಸಿಗೆಯಲ್ಲಿ ಹೋದ. ಅತ್ತಿಯನ್ನು ನಾನು ಕಲಬುರಗಿಗೆ ಕರೆದುಕೊಂಡು ಬಂದೆ. ಆಗ ನನಗೆ ಬಾಡಿಗೆಯದಾದರೂ ಎರಡು ಕೋಣೆಯ ಮನೆ, ಕಾಯಂ ನೌಕರಿ ಇದ್ದವು. ಅವಳು ಒಂದು ಗಂಟು ಹಿಡಿದು ಬಂದಳು. ಬಂದ ದಿನದಿಂದ ಎಲ್ಲಕ್ಕೂ ಅಪ್ಪಣೆ. ಕೊಡದಿಂದ ನೀರು ತಗೊಳ್ಳಲೇನ, ಈ ಕುರ್ಚಿ ಮ್ಯಾಲ ಕೂಡಲೇನ, ಫ್ಯಾನ್ ಹಚ್ಚಲೇನ. ನಾನು ಅವ್ವನ ಮಗಳು. ಮೂರು ವಾರ ಅದೇ ಮಾತು ಹೇಳಿದೆ. “ಅತ್ತಿ, ಇದು ನಿನ್ನ ಮನಿ ಅಲ್ಲೇನು?” ಅವಳು ತಲೆ ಆಡಿಸುವಳು, ಮತ್ತೆ ಕೇಳುವಳು. ದಿನದಿಂದ ದಿನಕ್ಕೆ ಗೋಡೆಗೆ ಹತ್ತಿಕೊಂಡು ಸಣ್ಣಗಾಗುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಗೆ ತಡವಾಗಿತ್ತು. ಇಸ್ತ್ರಿ ಮಾಡಿದ ಸೀರೆ ಇರಲಿಲ್ಲ. ಅವಳ ಗಂಟು ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿತ್ತು. ಅದರಲ್ಲಿ ಮೂರು ಇಳಕಲ್ ಸೀರೆ ಇದ್ದವೆಂದು ನನಗೆ ಗೊತ್ತು. ಯಾಕೆ ಹಾಗೆ ಮಾಡಿದೆನೋ, ಕೋಣೆಯ ಒಳಗೆ ಹೋಗದೆ ಹೊಸ್ತಿಲ ಹೊರಗೆ ನಿಂತು ಕೇಳಿದೆ. “ಅತ್ತಿ, ನಿನ್ನ ಸೀರಿ ಒಂದು ಉಟ್ಕೊಳ್ಳಲೇನ?”

ಅವಳು ಹಾಸಿಗೆಯ ಮೇಲೆ ಎದ್ದು ಕೂತಳು. ತಲೆಯ ಸೆರಗು ಸರಿಮಾಡಿಕೊಂಡಳು. ಗಡಿಯಾರ ನನ್ನ ಬೆನ್ನ ಹಿಂದೆ ಓಡುತ್ತಿತ್ತು, ನಾನು ಮುಟ್ಟುವ ಮೊದಲು ಶಾಲೆಯ ಎರಡನೇ ಗಂಟೆ ಹೊಡೆದರೆ ರಜಿಸ್ಟರಿನಲ್ಲಿ ನನ್ನ ಹೆಸರಿಗೆ ಕೆಂಪು ಗೆರೆ. ಅವಳಿಗೆ ಯಾವ ಅವಸರವೂ ಇರಲಿಲ್ಲ. ಗಂಟನ್ನು ನೋಡಿದಳು, ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು, ಮತ್ತೆ ಗಂಟನ್ನು ನೋಡಿದಳು.

“ಕೆಂಪುದು ಕೊಡಂಗಿಲ್ಲ,” ಎಂದಳು. “ಹಸರುದು ಉಟ್ಕೋ.”

ಹಸಿರು ಸೀರೆ ಉಟ್ಟು ಹೋದೆ; ತಡವಾಗಿ ಹೋದೆ. ಸಂಜೆ ಬಂದವಳೇ ಬಿಚ್ಚಿ, ಮಡಚಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಒಪ್ಪಿಸಿದೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಅಂಚನ್ನು ಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಯ ತನಕ ನೋಡಿದಳು, ಎಲ್ಲಾದರೂ ಕಲೆ ಮಾಡಿದ್ದೇನೆಯೋ ಎಂದು.